ಉಪ್ಪುನೀರಿನಲ್ಲಿ ಕ್ವಿನೋವಾ ಮೊಳಕೆ ಬರ್ತಿಲ್ಲ, ಬೀಜ ಸತ್ತಿದೆಯಾ?

ಪ್ರಶ್ನೆ:
ಮೂರು ತಟ್ಟೆಯಲ್ಲಿ ತಲಾ 50 ಕ್ವಿನೋವಾ ಬೀಜ ಇಟ್ಟೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಲೀಟರಿಗೆ 9 ಗ್ರಾಂ ಉಪ್ಪು, ಮತ್ತೊಂದಕ್ಕೆ 18. ಕೋಣೆ 20 ಡಿಗ್ರಿ. ಬರೀ ನೀರಿನವು ಮರುದಿನವೇ ಬಾಲ ಬಿಟ್ಟವು. 9 ಗ್ರಾಮಿನವು ಎರಡನೇ ದಿನ. 18ರದ್ದು ನಾಲ್ಕು ದಿನವಾದರೂ ಬೆರಳೆಣಿಕೆಯಷ್ಟೇ. ಎಸೆದುಬಿಡಲಾ?

ಉತ್ತರ 1:
ಬೇಡ! ಉಪ್ಪು ಜಾಸ್ತಿಯಾದರೆ ಬೀಜಕ್ಕೆ ನೀರು ಎಳೆದುಕೊಳ್ಳುವುದೇ ಕಷ್ಟ. ಅದು ಸಾವಲ್ಲ, ಬಾಯಾರಿಕೆ. ನಾನು ಅಂಥವನ್ನು ತೊಳೆದು ಸಿಹಿನೀರಿಗೆ ಹಾಕಿದ್ದೆ, ಸುಮಾರು ಎದ್ದವು. ಏಳದವಕ್ಕೆ ಉಪ್ಪಿನಲ್ಲಿರುವ ಸೋಡಿಯಂ ಒಳಗೇ ಪೆಟ್ಟು ಕೊಟ್ಟಿರಬೇಕು.

ಉತ್ತರ 2:
ತಳಿ ಯಾವುದು? ಬೊಲಿವಿಯಾದ ಉಪ್ಪುಬಯಲಿನ ಸುತ್ತ ಬೆಳೆಯುವ ತಳಿಗಳು ಉಪ್ಪನ್ನು ಚೆನ್ನಾಗಿ ತಡೆಯುತ್ತವೆ. ಎಲ್ಲವೂ ಹಾಗಲ್ಲ. ಅಡುಗೆಗೆಂದು ಸಿಪ್ಪೆ ಉಜ್ಜಿದ ಕಾಳಾದರೆ ಮೊಳಕೆ ಕಮ್ಮಿಯಾಗಬಹುದು.

ಪ್ರಶ್ನೆ ಕೇಳಿದವರು:
ಬಿತ್ತನೆ ಬೀಜವೇ, ತಳಿ ಚೀಟಿಯಲ್ಲಿಲ್ಲ. ಬಿಸಿ ಮಾಡಿದರೆ ಬೇಗ ಬರುತ್ತಾ?

ಉತ್ತರ 1:
5 ಡಿಗ್ರಿಯಿಂದ 20ಕ್ಕೆ ಏರಿಸಿದರೆ ಹೌದು. 35 ದಾಟಿಸಿದರೆ ಉಪ್ಪಿನ ಹೊಡೆತ ಇನ್ನೂ ಜೋರಾಗುತ್ತದೆ. 20ರಲ್ಲೇ ಬಿಡಿ. ತಟ್ಟೆ ಮುಚ್ಚಿಟ್ಟಿದ್ದೀರಿ ಅಲ್ವಾ? ನೀರು ಆರಿದಷ್ಟೂ ಉಪ್ಪು ಏರುತ್ತದೆ. ನಿಮ್ಮ 18 ಗ್ರಾಂ ಈಗ 18 ಆಗಿಯೇ ಉಳಿದಿರಲಿಕ್ಕಿಲ್ಲ.