ಕ್ಯಾನ್ಸಲ್ ಕೊಟ್ರೂ ಪ್ರಿಂಟರ್ ನಿಲ್ತಿಲ್ಲ, ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಶುರು!! ಅರ್ಜೆಂಟ್

ಸಂತೆಪೇಟೆ ಝೆರಾಕ್ಸ್ · ಬೆಳಿಗ್ಗೆ 10:42
ಯಾರಾದ್ರೂ ಹೇಳ್ರಪ್ಪಾ, ತಲೆ ಕೆಟ್ಟೋಗಿದೆ. ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಸೀಸನ್, ಅಂಗಡಿ ಮುಂದೆ ಜನ ನಿಂತವ್ರೆ. ಒಂದು ದೊಡ್ಡ ಪಿಡಿಎಫ್, ಕಾಪೀಸ್ ಜಾಸ್ತಿ ಬಿದ್ದುಬಿಟ್ಟಿದೆ. ಕ್ಯಾನ್ಸಲ್ ಕೊಟ್ಟೆ, ನಿಲ್ಲಲಿಲ್ಲ. ಪ್ಲಗ್ಗೇ ಕಿತ್ತೆ. ಮತ್ತೆ ಹಾಕಿದ ತಕ್ಷಣ ತಾನಾಗೇ ಶುರು ಹಚ್ಕೊಳ್ತು. ಈಗ ಅದೂ ರಿಪೋರ್ಟ್ ಅಲ್ಲ, ಪುಟಕ್ಕೆ ಒಂದೋ ಎರಡೋ ಸಾಲು ಅರ್ಥ ಆಗದ ಅಕ್ಷರ, ಉಳಿದಿದ್ದೆಲ್ಲ ಖಾಲಿ. ರೀಮ್ ಪೇಪರ್ ಸುಮ್ನೆ ಹೋಗ್ತಿದೆ. ಏನ್ ಮಾಡ್ಲಿ?

ನುಡಿ ನೆಂಟ · 10:50
ಫಾಂಟ್ ಪ್ರಾಬ್ಲಂ. ಹುಡುಗರು ಹಳೇ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿರ್ತಾರೆ, ನಿಮ್ಮ ಸಿಸ್ಟಮ್‌ನಲ್ಲಿ ಆ ಫಾಂಟ್ ಇರಲ್ಲ, ಅದಕ್ಕೇ ಅಕ್ಷರ ಗೀಚು ಗೀಚಾಗಿ ಬರ್ತಿದೆ. ಫಾಂಟ್ ಹಾಕಿ, ಸರಿಹೋಗುತ್ತೆ.

ಗಿರಿ ತಪ್ಪಲು · 10:53
ಯಾವ ಪ್ರಿಂಟರ್? ಇಂಕಾ ಲೇಸರಾ? ಯಾವ ವಿಂಡೋಸ್? ಕೇಬಲ್‌ನಲ್ಲಿದೆಯಾ ವೈಫೈಯಲ್ಲಾ? ಇದೊಂದೂ ಹೇಳದೆ ಅರ್ಜೆಂಟ್ ಅಂದ್ರೆ ಹ್ಯಾಗೆ ಮಾರಾಯ್ರೆ.

ಸಂತೆಪೇಟೆ ಝೆರಾಕ್ಸ್ · 10:58
ಲೇಸರ್. ಎಲ್ಲಾ ಅಂಗಡೀಲೂ ಇರೋದೇ, ಸ್ಪೆಷಲ್ ಏನಿಲ್ಲ. ವಿಂಡೋಸ್. ಲ್ಯಾನ್ ಕೇಬಲ್. ರಿಪೋರ್ಟ್ ಪೂರ್ತಿ ಇಂಗ್ಲಿಷಲ್ಲಿದೆ, ನುಡಿ ಗಿಡಿ ಏನೂ ಇಲ್ಲ.

ಟೋನರ್ ತಿಮ್ಮ · 11:10
ಮೊದಲು ಪೇಪರ್ ಉಳಿಸ್ಕೊಳ್ಳಿ ಸಾರ್, ಕಂಪ್ಯೂಟರ್ ಕಥೆ ಆಮೇಲೆ. ಟ್ರೇ ಹೊರಗೆ ಎಳೆದುಬಿಡಿ. ಒಳಗಿರೋ ಹಾಳೆ ಹೊರಗೆ ಬರುತ್ತೆ, ಮುಂದಿನದಕ್ಕೆ ಪೇಪರ್ ಇಲ್ಲ ಅಂತ ಲೈಟ್ ಮಿನುಗಿಸಿಕೊಂಡು ಅದೇ ನಿಲ್ಲುತ್ತೆ. ಹಾಳೆ ಟ್ರೇಯಿಂದ ಒಳಗೆ ಎಳ್ಕೊಳ್ತಿರೋ ಗಳಿಗೇಲಿ ಮಾತ್ರ ಎಳೀಬೇಡಿ, ಅರ್ಧಕ್ಕೆ ಸಿಕ್ಕೊಳ್ಳಬಹುದು. ಅಂಗಡಿ ಹುಡುಗರಿಗೆ ನಾನು ಮೊದಲು ಕಲಿಸೋದೇ ಇದು.

ನಿಂತ ಮೇಲೆ ಕಂಪ್ಯೂಟರ್‌ಗೆ ಬನ್ನಿ. ಕ್ಯೂ, ಅಂದ್ರೆ ಪ್ರಿಂಟ್‌ಗೆ ಕಾಯ್ತಿರೋ ಜಾಬ್‌ಗಳ ಪಟ್ಟಿ ತೆಗೆದು ಅಲ್ಲಿರೋದನ್ನ ಕ್ಯಾನ್ಸಲ್ ಮಾಡಿ. ಆಮೇಲೆ ಪ್ರಿಂಟರ್ ಮೇಲಿನ ಕ್ಯಾನ್ಸಲ್ ಬಟನ್, ಅದು ಒಳಗಿನ ಮೆಮೊರಿಗೆ ಆಗಲೇ ಬಂದಿರೋದನ್ನ ಬಿಡಿಸುತ್ತೆ. ಕೊನೆಗೆ ಬೇಕಿದ್ರೆ ಪವರ್ ಬಟನ್. ನೀವು ಈ ಕ್ರಮ ತಿರುವುಮುರುವು ಮಾಡಿದೀರ, ಆ ಗೀಚು ಅಕ್ಷರ ಹುಟ್ಟಿದ್ದೇ ಅಲ್ಲಿಂದ. ಜಾಬ್‌ನ ತಲೆಭಾಗದಲ್ಲಿ ‘ಇದು ಇಂಥ ಭಾಷೆ, ಹೀಗೆ ಬಿಡಿಸು’ ಅಂತ ಪ್ರಿಂಟರ್‌ಗೆ ಹೇಳೋ ಸಾಲುಗಳಿರುತ್ತೆ. ಮಧ್ಯದಲ್ಲಿ ಪ್ರಿಂಟರ್ ಸತ್ತು ಎದ್ರೆ ಅದಕ್ಕೆ ಆ ತಲೆಭಾಗ ಮರೆತುಹೋಗಿರುತ್ತೆ. ಕಂಪ್ಯೂಟರ್ ಮಾತ್ರ ಬಿಟ್ಟ ಕಡೆಯಿಂದ ಡೇಟಾ ಸುರೀತಾನೇ ಇರುತ್ತೆ. ಪ್ರಿಂಟರ್ ಅದನ್ನ ಬರೀ ಪಠ್ಯ ಅಂದ್ಕೊಂಡು ಹೊಡೆಯುತ್ತೆ. ಡೇಟಾದ ನಡುವೆ ಪುಟ ತಿರುಗಿಸೋ ಸಂಕೇತ ಹೋಲುವ ಬೈಟ್ ಸಿಕ್ಕಾಗೆಲ್ಲ ಹೊಸ ಹಾಳೆ. ಪುಟಕ್ಕೆರಡು ಸಾಲು ಬರ್ತಿರೋದು ಹಂಗೆ.

ನುಡಿ ನೆಂಟ · 11:16
ಇಂಗ್ಲಿಷ್ ರಿಪೋರ್ಟ್ ಆದ್ರೂ ಮುಖಪುಟದಲ್ಲಿ ಕಾಲೇಜ್ ಹೆಸರು ಕನ್ನಡದಲ್ಲಿ ಇರುತ್ತಲ್ಲ. ಅದೊಂದೇ ಸಾಕು. ಪಿಡಿಎಫ್‌ನಲ್ಲಿ ಫಾಂಟ್ ಎಂಬೆಡ್ ಆಗಿದೆಯಾ, ಅಂದ್ರೆ ಫೈಲ್ ಒಳಗೇ ಸೇರಿದೆಯಾ ಅಂತ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ನೋಡಿ ಹೇಳಿ.

ಯೂನಿಕೋಡ್ ಆಳು · 11:19
ಇನ್ನೂ ಹಳೇ ನುಡಿ ಬಳಸ್ತಾ ಕೂತ್ರೆ ಹಿಂಗೇ ಆಗೋದು. ಯೂನಿಕೋಡ್ ಬಂದು ಎಷ್ಟು ಕಾಲ ಆಯ್ತು?

ನುಡಿ ನೆಂಟ · 11:24
ನುಡಿಯಲ್ಲೂ ಯೂನಿಕೋಡ್ ಇದೆ ಸ್ವಾಮಿ, ತಿಳ್ಕೊಂಡು ಮಾತಾಡಿ. ಲಗ್ನಪತ್ರಿಕೆ ಡಿಟಿಪಿ ಮಾಡೋರನ್ನ ಒಂದ್ಸಲ ಕೇಳಿ, ಹಳೇ ಪೇಜ್‌ಮೇಕರ್‌ನಲ್ಲಿ ನಿಮ್ಮ ಯೂನಿಕೋಡ್ ಒತ್ತಕ್ಷರ ಏನಾಗುತ್ತೆ ಅಂತ.

ಯೂನಿಕೋಡ್ ಆಳು · 11:27
ಅದು ಪೇಜ್‌ಮೇಕರ್ ದೋಷ, ಯೂನಿಕೋಡ್‌ದಲ್ಲ. ಕೊನೇ ಆವೃತ್ತಿ ಬಂದಿದ್ದು 2001ರಲ್ಲಿ. ಅದನ್ನ ಇಟ್ಕೊಂಡು ವಾದ ಬೇರೆ.

ಗಿರಿ ತಪ್ಪಲು · 11:30
ನಿಮ್ಮಿಬ್ಬರ ಜಗಳಕ್ಕೆ ಬೇರೆ ಥ್ರೆಡ್ ತೆಗೀರಿ, ಅಲ್ಲಿಗೆ ಕಾಫಿ ಕಳಿಸ್ತೀನಿ.

ಸಂತೆಪೇಟೆಯವರೇ, ಕ್ಯೂನಲ್ಲಿ ಜಾಬ್ ‘ಡಿಲೀಟಿಂಗ್’ ಅಂತ ತೋರಿಸ್ಕೊಂಡು ಅಲ್ಲೇ ಕೂತಿದ್ರೆ ಸ್ಪೂಲರ್, ಅಂದ್ರೆ ಜಾಬ್‌ಗಳನ್ನ ಸಾಲಾಗಿ ಪ್ರಿಂಟರ್‌ಗೆ ಕಳಿಸೋ ವಿಂಡೋಸ್ ಸೇವೆ ನಿಲ್ಲಿಸಿ ತೆಗೀಬೇಕು. ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಿ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅಂತ ಫೋಲ್ಡರ್ ಇದೆ. ಒಳಗೆ ಹೋಗೋಕೆ ಪರ್ಮಿಷನ್ ಕೇಳುತ್ತೆ, ಕಂಟಿನ್ಯೂ ಕೊಡಿ. ಜಾಬ್‌ಗೊಂದು ಎಸ್‌ಪಿಎಲ್ ಫೈಲು, ಒಂದು ಎಸ್‌ಎಚ್‌ಡಿ ಫೈಲು ಕಾಣ್ತವೆ. ಮೊದಲನೇದ್ರಲ್ಲಿ ಪ್ರಿಂಟ್ ಆಗೋ ಸರಕು, ಎರಡನೇದ್ರಲ್ಲಿ ಯಾರು ಕಳಿಸಿದ್ದು, ಯಾವ ಪ್ರಿಂಟರ್‌ಗೆ ಅನ್ನೋ ವಿವರ. ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರ್ ಮುಟ್ಟಬೇಡಿ. ಆಮೇಲೆ ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ. ಮರೀಬೇಡಿ, ಅದು ನಿಂತಿದ್ರೆ ನಿಮ್ಮ ಬಿಲ್ ಹೊಡೆಯೋ ಪುಟ್ಟ ಥರ್ಮಲ್ ಪ್ರಿಂಟರ್ ಕೂಡ ಮಾತಾಡಲ್ಲ. ಇನ್ನೊಂದು, ಹೀಗೆ ಅಳಿಸಿದ್ರೆ ಆ ಕಂಪ್ಯೂಟರ್‌ನಲ್ಲಿ ಕಾಯ್ತಿರೋ ಎಲ್ಲ ಪ್ರಿಂಟರ್‌ಗಳ ಎಲ್ಲ ಜಾಬೂ ಹೋಗುತ್ತೆ.

ಸೇಫ್ಟಿ ಫಸ್ಟ್ · 11:34
ಸ್ಪೂಲರ್ ಯಾವಾಗಲೂ ಆಫ್ ಇಟ್ಟಿರೋದೇ ಒಳ್ಳೇದು. 2021 ಜುಲೈಯಲ್ಲಿ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಭದ್ರತಾ ದೋಷ ಬಂತಲ್ಲ, ಆಗಿಂದ ನಾನು ನಿಲ್ಲಿಸಿಯೇ ಇಟ್ಟಿದೀನಿ.

ಟೋನರ್ ತಿಮ್ಮ · 11:36
ಅದಕ್ಕೆ ಆಗಲೇ ಪ್ಯಾಚ್ ಬಂದಾಯ್ತು. ಝೆರಾಕ್ಸ್ ಅಂಗಡೀಲಿ ಸ್ಪೂಲರ್ ಆಫ್ ಇಟ್ಕೊಂಡು ಕೈಬರಹದಲ್ಲಿ ಬರ್ಕೊಡ್ತೀರಾ?

ಸಂತೆಪೇಟೆ ಝೆರಾಕ್ಸ್ · 11:52
ಟ್ರೇ ಎಳೆದೆ, ನಿಂತಿದೆ. ಕ್ಯೂ ನೋಡಿದ್ರೆ ಒಂದೂ ಜಾಬ್ ಇಲ್ಲ. ಆ ಫೋಲ್ಡರ್ ಕೂಡ ಖಾಲಿ. ಸ್ಪೂಲರ್ ನಿಲ್ಲಿಸಿ ಶುರು ಮಾಡಿದೆ. ಟ್ರೇ ವಾಪಸ್ ತಳ್ಳಿದೆ, ಮತ್ತೆ ಅದೇ ಗೀಚು! ಲ್ಯಾನ್ ಕೇಬಲ್ಲೇ ಕಿತ್ತಾಕ್ದೆ, ಆದ್ರೂ ಬರ್ತಿದೆ ಕಣ್ರೀ. ಇದಕ್ಕೇನು ದೆವ್ವ ಹಿಡಿದಿದೆಯಾ? ಡ್ರೈವರ್ ತೆಗೆದು ಹಾಕ್ಲಾ?

ಅರಸೀಕೆರೆ ಪೆಂಗ್ವಿನ್ · 11:55
ಲಿನಕ್ಸ್ ಹಾಕಿ. ‘ಕ್ಯಾನ್ಸಲ್’ ಅಂತ ಬರೆದು ಪಕ್ಕದಲ್ಲಿ ಅಡ್ಡಗೆರೆ ‘ಎ’ ಹೊಡೆದ್ರೆ ಎಲ್ಲಾ ಜಾಬ್ ಖಲಾಸ್. ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡ್ಕೊಳ್ಳೋ ಕಪ್ಸ್ ಅನ್ನೋದು ಎಷ್ಟು ಶಿಸ್ತಿನ ವ್ಯವಸ್ಥೆ ಅಂದ್ರೆ ಮ್ಯಾಕ್‌ನಲ್ಲೂ ಅದೇ ಇರೋದು. ನಮ್ಮನೇಲಿ ಹಳೇ ಲ್ಯಾಪ್‌ಟಾಪೇ ಪ್ರಿಂಟ್ ಸರ್ವರ್, ಎಂಟು ವರ್ಷದ ಲೇಸರ್‌ಗೆ ಡ್ರೈವರ್ ಡಿಸ್ಕ್ ಯಾವತ್ತೂ ಬೇಕಾಗಿಲ್ಲ.

ಗಿರಿ ತಪ್ಪಲು · 11:57
ಅಂಗಡಿ ಮುಂದೆ ಹುಡುಗರು ಕಾಯ್ತಿರುವಾಗ ಓಎಸ್ ಬದಲಾಯಿಸು ಅಂತೀರಲ್ಲ, ನಮಸ್ಕಾರ ನಿಮಗೆ.

ಟೋನರ್ ತಿಮ್ಮ · 12:04
ಡ್ರೈವರ್ ಮುಟ್ಟಬೇಡಿ. ಕ್ಯೂ ಖಾಲಿ, ಫೋಲ್ಡರ್ ಖಾಲಿ, ಲ್ಯಾನ್ ಕಿತ್ರೂ ಬರ್ತಿದೆ. ಆ ಸಿಸ್ಟಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅಲ್ಲಿಗೆ ಖಾತ್ರಿ ಆಯ್ತು. ಸಣ್ಣ ಲೇಸರ್ ಒಳಗಿರೋದು ಬರೀ ರ‍್ಯಾಮ್, ಕರೆಂಟ್ ಹೋದ್ರೆ ಅಳಿಸಿಹೋಗುತ್ತೆ. ಪ್ಲಗ್ ಕಿತ್ತು ಹಾಕಿದ ಮೇಲೂ ಜಾಬ್ ಬದುಕಿದೆ ಅಂದ್ರೆ ಹೊರಗಿಂದ ಯಾರೋ ಕೊಡ್ತಿದಾರೆ. ದೊಡ್ಡ ಕಾಪಿಯರ್ ಆಗಿದ್ರೆ ಹಾರ್ಡ್ ಡಿಸ್ಕ್ ಇರುತ್ತೆ, ಅದು ಬೇರೆ ಮಾತು. ಪ್ರಿಂಟರ್ ಬೆನ್ನ ಹಿಂದೆ ಯುಎಸ್‌ಬಿ ಕೇಬಲ್ ಏನಾದ್ರೂ ಇದೆಯಾ? ವೈಫೈ ಆನ್ ಇದೆಯಾ?

ನುಡಿ ನೆಂಟ · 12:06
ಫಾಂಟ್ ಕ್ಯಾಶ್ ಕೂಡ ಕ್ಲಿಯರ್ ಮಾಡಿ ನೋಡಬಹುದು.

ಸಂತೆಪೇಟೆ ಝೆರಾಕ್ಸ್ · 12:15
ಯುಎಸ್‌ಬಿ ಇದೆ. ಅದು ಒಳಗಡೆ ರೂಮಿನ ಹಳೇ ಸಿಸ್ಟಮ್‌ಗೆ ಹೋಗಿದೆ, ಆಧಾರ್ ಪಹಣಿ ಸ್ಕ್ಯಾನ್ ಮಾಡೋಕೆ ಇಟ್ಟಿರೋದು. ಅದರಿಂದ ಪ್ರಿಂಟ್ ಯಾರೂ ಕೊಡಲ್ಲ. ವೈಫೈ ಇಲ್ಲ.

ಗಿರಿ ತಪ್ಪಲು · 12:16
ಎರಡು ಕಂಪ್ಯೂಟರ್ ಇವೆ ಅಂತ ಬೆಳಿಗ್ಗೆನೇ ಹೇಳಬಾರದಿತ್ತಾ ಮಾರಾಯ್ರೆ! ಯುಎಸ್‌ಬಿ ಎಳೆದು ನೋಡಿ. ನಿಂತ್ರೆ ಒಳಗೆ ಹೋಗಿ ಆ ಸಿಸ್ಟಮ್‌ನ ಕ್ಯೂ ತೆಗೀರಿ.

ಟೋನರ್ ತಿಮ್ಮ · 12:19
ಜಾಬ್ ತೆಗೆಯೋ ತನಕ ಆ ಕೇಬಲ್ ವಾಪಸ್ ಚುಚ್ಚಬೇಡಿ. ಚುಚ್ಚಿದ ಕ್ಷಣ ಮುಂದುವರಿಸುತ್ತೆ.

ಸಂತೆಪೇಟೆ ಝೆರಾಕ್ಸ್ · 12:41
ಒಳಗಿನದ್ರಲ್ಲೇ ಇತ್ತು. ಹುಡುಗ ಪೆನ್‌ಡ್ರೈವ್ ಅಲ್ಲಿ ಹಾಕಿ ಕೊಟ್ಟಿದಾನೆ. ಸ್ಪೂಲರ್ ನಿಲ್ಲಿಸಿ ಫೈಲ್ ಅಳಿಸಿದೆ, ಈಗ ಶಾಂತ. ಆದ್ರೆ ಈಗ ಬರೋ ಹಾಳೆಗಳ ಮೇಲೆಲ್ಲ ಕಪ್ಪು ಕಪ್ಪು ಉಜ್ಜಿದಂಗಿದೆ, ಕೈಗೆ ಅಂಟುತ್ತೆ. ಗಿರಾಕಿಗೆ ಕೊಡೋಕಾಗಲ್ಲ. ಡ್ರಮ್ ಹೋಯ್ತಾ?

ಟೋನರ್ ತಿಮ್ಮ · 12:55
ಡ್ರಮ್, ಅಂದ್ರೆ ಅಕ್ಷರ ಮೂಡಿಸೋ ಉರುಳೆ, ಹೋಗಿರಲ್ಲ. ಪ್ಲಗ್ ಕಿತ್ತಾಗ ಒಂದು ಹಾಳೆ ಅರ್ಧ ದಾರೀಲಿ ನಿಂತಿರುತ್ತೆ. ಆ ಹಂತದಲ್ಲಿ ಟೋನರ್ ಪುಡಿ ಕಾಗದದ ಮೇಲೆ ಸುಮ್ನೆ ಕೂತಿರುತ್ತೆ ಅಷ್ಟೇ, ಫ್ಯೂಸರ್‌ನ ಬಿಸಿ ರೋಲರ್ ದಾಟಿದ ಮೇಲೆ ಕರಗಿ ಅಂಟೋದು. ಆ ಹಾಳೆ ಎಳೆದು ತೆಗೆದಿದ್ರೆ ಪುಡಿ ರೋಲರ್‌ಗಳಿಗೆಲ್ಲ ಮೆತ್ಕೊಂಡಿರುತ್ತೆ. ಪವರ್ ಬಟನ್‌ನಲ್ಲಿ ಆಫ್ ಮಾಡಿ ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ. ಫ್ಯೂಸರ್ 180–200 ಡಿಗ್ರಿ ಆಸುಪಾಸು ಕಾದಿರುತ್ತೆ, ಅವಸರಕ್ಕೆ ಕೈ ಹಾಕಿ ಬೊಬ್ಬೆ ಬರಿಸ್ಕೊಂಡ ಹುಡುಗರನ್ನ ನೋಡಿದೀನಿ. ಕಾರ್ಟ್ರಿಡ್ಜ್ ತೆಗೆದು ಬಟ್ಟೆ ಮುಚ್ಚಿಡಿ, ಬಿಸಿಲು ಡ್ರಮ್‌ಗೆ ಆಗಲ್ಲ. ಒಳಗೆ ಚೂರು ಪೇಪರ್ ಇದ್ರೆ ಎರಡೂ ಕೈಯಲ್ಲಿ, ಹಾಳೆ ಹೋಗೋ ದಿಕ್ಕಿಗೇ ನಿಧಾನ ಎಳೀರಿ. ಪುಡಿ ಒಣ ಬಟ್ಟೇಲಿ ಒರೆಸಿ. ಮನೆ ವ್ಯಾಕ್ಯೂಮ್ ಬೇಡ, ಸಣ್ಣ ಪುಡಿ ಅದರ ಫಿಲ್ಟರ್ ದಾಟಿ ರೂಮೆಲ್ಲ ಹಾರುತ್ತೆ. ಕೈ ತಣ್ಣೀರಲ್ಲೇ ತೊಳ್ಕೊಳ್ಳಿ, ಬಿಸಿನೀರು ಹಾಕಿದ್ರೆ ಅಂಟುತ್ತೆ. ಆಮೇಲೆ ಸ್ವಲ್ಪ ಖಾಲಿ ಹಾಳೆ ಓಡಿಸಿ, ಉಳಿದ ಪುಡಿ ಅವು ಎತ್ಕೊಂಡು ಬರ್ತವೆ.

ಪ್ಲಗ್ ನೇರ ಕೀಳೋದು ಹೊಗೆ, ಸುಟ್ಟ ವಾಸನೆ, ಕಿಡಿ ಬಂದ್ರೆ ಮಾತ್ರ. ಆಗ ಯೋಚನೆ ಬೇಡ, ಗೋಡೆ ಸ್ವಿಚ್ ಆರಿಸಿ.

ಮೂಡಿಗೆರೆ ಮಳೆ · ಮಧ್ಯಾಹ್ನ 1:08
ಇಂಕ್ ಟ್ಯಾಂಕ್ ಇಟ್ಕೊಂಡೋರಿಗೂ ಇದು ಅನ್ವಯ. ಪವರ್ ಬಟನ್ ಒತ್ತಿದ್ರೆ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತೆ. ಗೋಡೆ ಸ್ವಿಚ್ ಆರಿಸಿದ್ರೆ ನಡುದಾರೀಲಿ ಬಾಯಿ ತೆರ್ಕೊಂಡು ನಿಲ್ಲುತ್ತೆ, ಇಂಕ್ ಒಣಗಿ ನಾಝಲ್ ಕಟ್ಟುತ್ತೆ. ನಮ್ಮ ತೋಟದ ಆಫೀಸಲ್ಲಿ ಮೂರು ಪ್ರಿಂಟರ್ ಇವೆ, ಎಲ್ಲಾ ಯುಪಿಎಸ್ ಮೇಲೆ, ಮಳೆಗಾಲದಲ್ಲಿ ಕರೆಂಟ್ ಎಷ್ಟೇ ಆಟ ಆಡಿದ್ರೂ ಚಿಂತೆ ಇಲ್ಲ. ಪೇಪರ್ ಇಡೋ ಬೀರುವಿನಲ್ಲಿ ಬಲ್ಬ್ ಉರಿಸ್ತೀವಿ, ತೇವ ಹಿಡಿಯಲ್ಲ. ಫೋಟೋ ಹಾಕ್ಲಾ?

ಟೋನರ್ ತಿಮ್ಮ · 1:12
ಲೇಸರ್ ಕೂಡ ಯುಪಿಎಸ್ ಮೇಲಾ? ಬೇಡ ಸ್ವಾಮಿ. ಫ್ಯೂಸರ್ ಕಾಯೋ ಗಳಿಗೇಲಿ ಎಳೆಯೋ ಕರೆಂಟ್ ಸಣ್ಣ ಯುಪಿಎಸ್ ತಡೆಯಲ್ಲ. 600 ವಿಎ ಅಂತ ಬರೆದಿರೋದು ಸಾಮಾನ್ಯವಾಗಿ ಹೊರೋದು 360 ವ್ಯಾಟ್ ಅಷ್ಟೇ.

ಮೂಡಿಗೆರೆ ಮಳೆ · 1:15
ನಮ್ಮದು ಸಣ್ಣದಲ್ಲ. ಮೂರು ಕೆವಿಎ, ಆನ್‌ಲೈನ್, ಹೊರಗಡೆ ಬ್ಯಾಟರಿ ಬ್ಯಾಂಕ್.

ಅರಸೀಕೆರೆ ಪೆಂಗ್ವಿನ್ · 1:21
ಬ್ಯಾಟರಿ ಬ್ಯಾಂಕ್ ಎಷ್ಟು ಎಎಚ್? ಸೋಲಾರ್‌ಗೆ ಜೋಡಿಸಿದೀರಾ? ನಾನೂ ಅದೇ ಯೋಚನೇಲಿದೀನಿ, ವಿವರ ಹಾಕಿ.

ಸಂತೆಪೇಟೆ ಝೆರಾಕ್ಸ್ · 2:34
ಒರೆಸಿ ಖಾಲಿ ಹಾಳೆ ಓಡಿಸಿದೆ, ಕಪ್ಪು ಕಮ್ಮಿ ಆಗಿದೆ. ಆದ್ರೆ ಎಡಗಡೆ ಅಂಚಲ್ಲಿ ಒಂದು ಗೆರೆ ಹಾಗೇ ಉಳಿದಿದೆ, ಎಲ್ಲಾ ಪುಟದಲ್ಲೂ ಅದೇ ಜಾಗ. ಕಾರ್ಟ್ರಿಡ್ಜ್ ಬದಲಾಯಿಸಬೇಕಾ, ಇಲ್ಲಾ ಇನ್ನೂ ಓಡಿಸಲಾ?

ನುಡಿ ನೆಂಟ · 2:40
ಫಾಂಟ್ ಎಂಬೆಡ್ ಆಗಿತ್ತಾ ಇಲ್ವಾ, ಅದನ್ನ ಇನ್ನೂ ಹೇಳಲೇ ಇಲ್ಲ ನೀವು.

ಮೂಡಿಗೆರೆ ಮಳೆ · 2:52
ಪೆಂಗ್ವಿನ್ ಅವರಿಗೆ: 150 ಎಎಚ್. ಸೋಲಾರ್ ಬಗ್ಗೆ ಹೊಸ ಥ್ರೆಡ್ ತೆಗೆದಿದೀನಿ, ಫೋಟೋ ಎಲ್ಲ ಅಲ್ಲೇ ಹಾಕಿದೀನಿ, ಅಲ್ಲಿಗೆ ಬನ್ನಿ.