ಅಮ್ಮನ್ನ ಬಸ್ಸಲ್ಲಿ ಮುಂಬೈ ಕಡೆ ಕರ್ಕೊಂಡ್ ಹೋಗ್ಬೇಕು, ಊಟ ನಿದ್ದೆ ಟಾಯ್ಲೆಟ್ ಎಲ್ಲ ಹೆಂಗೆ ಮ್ಯಾನೇಜ್ ಮಾಡೋದು?

ಮಲ್ಲೇಶ್ವರಂ_ಮಗಳು:
ಹಾಯ್ ಎಲ್ರಿಗೂ. ಮುಂದಿನ ತಿಂಗ್ಳು ಥಾಣೆಲಿ ಚಿಕ್ಕಮ್ಮನ ಮಗಳ ಮದ್ವೆ. ಉದ್ಯಾನ್ ಎಕ್ಸ್‌ಪ್ರೆಸ್ ನೋಡಿದ್ರೆ ವೇಟಿಂಗ್ ಲಿಸ್ಟ್ ಹನುಮಂತನ ಬಾಲ, ಫ್ಲೈಟಿಗೆ ಅಮ್ಮ ಸುತಾರಾಂ ಒಪ್ತಿಲ್ಲ ಕಿವಿ ನೋಯತ್ತಂತೆ, ಹಾಗಾಗಿ ಎಸಿ ಸ್ಲೀಪರ್ ಬಸ್ಸೇ ಗತಿ. ಬೆಂಗ್ಳೂರಿಂದ ಸುಮಾರು ಸಾವಿರ ಕಿಲೋಮೀಟರ್, ಸಂಜೆ 4ಕ್ಕೆ ಹತ್ತಿದ್ರೆ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ತಲುಪೋದು. ಅಮ್ಮಂಗೆ 66, ಮಂಡಿ ನೋವಿದೆ, ಬಸ್ಸಲ್ಲಿ ವಾಂತಿ ಆಗತ್ತೆ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಹೊರಗಡೆ ಊಟ ಅಂದ್ರೆ ಮೂಗು ಮುರೀತಾರೆ. ಯಾವ ಬರ್ತ್ ತಗೊಳ್ಲಿ, ಏನ್ ಕಟ್ಕೊಂಡ್ ಹೋಗ್ಲಿ? ಅನುಭವ ಇರೋರು ಹೇಳಿ ಪ್ಲೀಸ್, "ಟ್ರೈನಲ್ಲಿ ಹೋಗಿ" ಅಂತ ಮಾತ್ರ ಹೇಳ್ಬೇಡಿ.

ಕಿಟಕಿ_ಪಕ್ಕ:
ಮೇಡಂ, ಮೊದ್ಲು ಬರ್ತ್ ಸರಿ ಮಾಡ್ಕೊಳ್ಳಿ, ಅದು ಸರಿ ಇದ್ರೆ ಅರ್ಧ ತಲೆನೋವು ಹೋದಂಗೆ. ಲೋವರ್ ಬರ್ತ್, ಬಸ್ಸಿನ ಮಧ್ಯ ಭಾಗ. ನಮ್ಮಪ್ಪ ಬಸ್ ಡ್ರೈವರ್ ಆಗಿದ್ರು, ನೆಂಟ್ರು ಯಾರೇ ಟಿಕೆಟ್ ಬುಕ್ ಮಾಡೋಕೆ ಕೇಳಿದ್ರೂ ಅವರು ಹೇಳ್ತಿದ್ದಿದ್ದು ಒಂದೇ ಮಾತು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕೂರು ಅಂತ. ಹಿಂದಿನ ಚಕ್ರದ ಮೇಲೆ ಅಥ್ವಾ ಅದ್ರ ಹಿಂದೆ ಮಲಗಿದ್ರೆ ಒಂದೊಂದು ಹಂಪ್‌ಗೂ ಎತ್ತಿ ಹಾಕತ್ತೆ, ಸಾಲದ್ದಕ್ಕೆ ಈ ವೋಲ್ವೋ ತರದ ಬಸ್ಸುಗಳಲ್ಲಿ ಇಂಜಿನ್ ಕೂಡ ಹಿಂದೇನೇ ಇರತ್ತೆ, ರಾತ್ರಿಯಿಡೀ ಗುಂಯ್ ಅಂತ ಸದ್ದು. ಅಪ್ಪರ್ ಬರ್ತ್ ತಗೊಂಡ್ರೆ ಮಂಡಿ ನೋವಲ್ಲಿ ಏಣಿ ಹತ್ತೋ ಕರ್ಮ ಬೇರೆ, ಮೇಲಿದ್ದಷ್ಟೂ ತೂಗಾಟಾನೂ ಜಾಸ್ತಿ. ಒಂದ್ ಕಡೆ ಡಬಲ್ ಇನ್ನೊಂದ್ ಕಡೆ ಸಿಂಗಲ್ ಇರತ್ತಲ್ಲ, ನೀವಿಬ್ರೂ ಡಬಲ್ ಲೋವರ್ ತಗೊಳ್ಳಿ, ಅಮ್ಮನ್ನ ಹೊರಗಡೆ ಮಲಗಿಸಿ, ಎದ್ದು ಇಳಿಯೋಕೆ ಸುಲಭ.

ವಾಂತಿ ವಿಷಯ. ಕಿವಿಯೊಳಗಿನ ಬ್ಯಾಲೆನ್ಸ್ ಅಂಗಕ್ಕೆ ಬಸ್ ಓಡ್ತಿದೆ ಅಂತ ಗೊತ್ತಾಗತ್ತೆ, ಕಣ್ಣಿಗೆ ಮಾತ್ರ ಎದುರಿಗಿರೋ ಫೋನ್ ಅಲ್ಲಾಡ್ದೆ ಕಾಣ್ಸತ್ತೆ, ಎರಡೂ ತಾಳೆ ಆಗ್ದೆ ಹೊಟ್ಟೆ ತೊಳೆಸತ್ತೆ. ಹಾಗಾಗಿ ಫೋನ್ ಕೊಡ್ಬೇಡಿ, ವಾಟ್ಸಾಪ್ ಫಾರ್ವರ್ಡೆಲ್ಲ ಥಾಣೆಲಿ ನೋಡ್ಕೊಳ್ಲಿ. ಬೆಳಕಿರೋವರೆಗೂ ದೂರದ ಗುಡ್ಡ ನೋಡ್ತಾ ಕೂತ್ಕೊಳ್ಲಿ, ಕತ್ತಲಾದ್ಮೇಲೆ ಕಣ್ಮುಚ್ಚಿ ಮಲಗೋದೇ ಬೆಸ್ಟ್. ವಾಂತಿ ತಡೆಯೋ ಅವೋಮಿನ್ ಮಾತ್ರೆ ಕೊಡೋದಾದ್ರೆ ವಾಂತಿ ಶುರುವಾದ್ಮೇಲೆ ಕೊಟ್ರೆ ದಂಡ, ಹೊರಡೋಕೆ ಒಂದೆರಡು ಗಂಟೆ ಮುಂಚೇನೇ ಕೊಡ್ಬೇಕು. ಆದ್ರೆ ಅದು ಮಂಪರು ತರತ್ತೆ, ಬಾಯಿ ಒಣಗಿಸತ್ತೆ, ವಯಸ್ಸಾದೋರಿಗೆ, ಅದ್ರಲ್ಲೂ ಗ್ಲಾಕೋಮಾ ಇರೋರಿಗೆ ಡಾಕ್ಟ್ರನ್ನ ಕೇಳ್ದೆ ಕೊಡ್ಬೇಡಿ.

ಪುಳಿಯೋಗರೆ_ಪಾರ್ಟಿ:
ಊಟದ ಡಿಪಾರ್ಟ್‌ಮೆಂಟ್ ನಂದು 😄 ಮೊದಲ್ನೇ ಮಾತು, ಬಸ್ಸು ಒಳ್ಳೆ ಊಟ ಸಿಗೋ ಕಡೆ ನಿಲ್ಲತ್ತೆ ಅಂತ ಅಂದ್ಕೊಳ್ಬೇಡಿ, ಡ್ರೈವರ್ ಕ್ಲೀನರ್‌ಗೆ ಎಲ್ಲಿ ಊಟ ಫ್ರೀಯೋ ಅಲ್ಲಿ ನಿಲ್ಲತ್ತೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ದಾವಣಗೆರೆ ಬೆಣ್ಣೆ ದೋಸೆ ಎಲ್ಲ ಇದೇ ದಾರಿಲಿದೆ ನಿಜ, ಆದ್ರೆ ಬಸ್ಸು ಬೈಪಾಸಲ್ಲಿ ಬುರ್ ಅಂತ ಹೋಗ್ಬಿಡತ್ತೆ, ಬೋರ್ಡ್ ನೋಡ್ಕೊಂಡು ಜೊಲ್ಲು ಸುರಿಸ್ಬೇಕು ಅಷ್ಟೇ.

ರಾತ್ರಿಗೆ ಮೊಸರನ್ನ ಕಟ್ಕೊಳ್ಳಿ, ಆದ್ರೆ ಮೊಸರು ಸುರಿದು ಕಲಸ್ಬೇಡಿ. ಅನ್ನ ಮೆತ್ತಗೆ ಮಾಡಿ, ಬೆಚ್ಚಗಿರೋ ಹಾಲು ಹಾಕಿ, ಒಂದು ಸ್ಪೂನ್ ಮೊಸರು ಬೆರೆಸಿ, ಶುಂಠಿ ಕರಿಬೇವು ಒಗ್ಗರಣೆ ಕೊಟ್ಟು ಮಧ್ಯಾಹ್ನ ಡಬ್ಬಿಗೆ ಹಾಕಿದ್ರೆ ರಾತ್ರಿ ತೆಗ್ಯೋ ಹೊತ್ತಿಗೆ ಹದವಾಗಿ ಹೆಪ್ಪಾಗಿರತ್ತೆ, ಹುಳಿ ಇರಲ್ಲ. ಪುಳಿಯೋಗರೆ ಮಾಡೋದಾದ್ರೆ ಅನ್ನ ಅಗಲ ತಟ್ಟೇಲಿ ಹರಡಿ ಎಳ್ಳೆಣ್ಣೆ ಬಿಟ್ಟು ಪೂರ್ತಿ ಆರಿದ್ಮೇಲೇನೇ ಗೊಜ್ಜು ಹಾಕಿ. ಏನೇ ಮಾಡಿದ್ರೂ ಬಿಸಿ ಬಿಸಿ ಇರುವಾಗ ಸ್ಟೀಲ್ ಡಬ್ಬಿ ಮುಚ್ಬೇಡಿ, ಹಬೆ ನೀರಾಗಿ ಅಲ್ಲೇ ಹಳಸತ್ತೆ. ಕಾಯಿ ಚಟ್ನಿ ಅಂತೂ ಬೇಡ್ವೇ ಬೇಡ. ಚಪಾತಿ ಹಿಟ್ಟನ್ನ ಹಾಲಲ್ಲಿ ಕಲಸಿದ್ರೆ ಮಾರನೇ ದಿನಾನೂ ಮೆತ್ತಗಿರತ್ತೆ.

ಮತ್ತೆ ಉಪ್ಪಿನಕಾಯಿ ಬಾಟ್ಲಿ ಬಸ್ಸೊಳಗೆ ತೆಗೀಬೇಡಿ ದಯವಿಟ್ಟು. ಎಸಿ ಬಸ್ಸಲ್ಲಿ ಕಿಟಕಿ ಬಿಚ್ಚೋಕಾಗಲ್ಲ, ಆ ವಾಸ್ನೆಗೇ ಪಕ್ಕದೋರು ವಾಂತಿ ಮಾಡ್ಕೋತಾರೆ, ಅವರನ್ನ ನೋಡಿ ನಿಮ್ಮಮ್ಮ.

ಬೆಳಗಾಂವ್_ಕುಂದಾ:
ಅಕ್ಕಾರ, ಈ ಅನ್ನದ ಡಬ್ಬಿ ಯಾಕ್ ಹೊರ್ತೀರಿ? ನಮ್ ಕಡಿ ಮಂದಿ ಪುಣೆ ಮುಂಬೈಗೆ ಹೊಂಟ್ರ ಕಟಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಶೇಂಗಾ ಹೋಳಿಗಿ ಕಟ್ಕೊಂಡ್ ಹೋಗ್ತಾರ್ರಿ, ವಾರಗಟ್ಲೆ ಏನೂ ಆಗೂದಿಲ್ಲ. ಒಂದ್ ಮಾತ್ರ ನೆನಪಿಡ್ರಿ, ಅಂಗಡ್ಯಾಗಿನ ಹಿಂಡಿಗೆ ಬೆಳ್ಳುಳ್ಳಿ ಹಾಕಿರ್ತಾರ, ನಿಮ್ಮವ್ವಾರಿಗೆ ಬ್ಯಾಡಂದ್ರ ಮನ್ಯಾಗ ಮಾಡ್ಕೋರಿ.

ಮುಂಜಾನೆ ಬಸ್ಸು ಮಹಾರಾಷ್ಟ್ರದಾಗ ಇರ್ತೈತಿ, ಅಲ್ಲಿ ನಾಷ್ಟಾ ಅಂದ್ರ ಪೋಹೆ, ಮಿಸಳ್, ಎಲ್ಲಾದ್ರಾಗೂ ಉಳ್ಳಾಗಡ್ಡಿ. ಅದಕ್ಕ ಹೋಟೆಲ್ನ್ಯಾಗ "ಉಪವಾಸಾಚಂ ಕಾಯ್ ಆಹೇ?" ಅಂತ ಕೇಳ್ರಿ. ಸಾಬುದಾಣಾ ಖಿಚಡಿ ಕೊಡ್ತಾರ, ಉಪವಾಸದ ಅಡಗಿ ಆದ್ದರಿಂದ ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕೂದಿಲ್ಲ. ಆದ್ರ ಹೊಟ್ಟಿ ಬಿರಿಯೂವಂಗ ತಿನಸಬ್ಯಾಡ್ರಿ, ಲೋಣಾವಳ ಆದ ಮ್ಯಾಲೆ ಖಂಡಾಲಾ ಘಾಟ್ ಇಳೀಬೇಕಲ್ಲ, ರಾತ್ರಿಯೆಲ್ಲಾ ಆರಾಮ್ ಇದ್ದವ್ರೂ ಅಲ್ಲಿ ಬಾಯಿಗಿ ಕೈ ಇಟ್ಕೋತಾರ. ಒಂದ್ ಪ್ಲಾಸ್ಟಿಕ್ ಚೀಲ ಕೈಗೆ ಸಿಗೂವಂಗ ಇರ್ಲಿ.

ಮಲ್ಲೇಶ್ವರಂ_ಮಗಳು:
ಸಾಬುದಾಣಾ ಐಡಿಯಾ ಸೂಪರ್, ಏಕಾದಶಿ ಮಾಡೋ ಅಮ್ಮಂಗೆ ಇದು ಒಪ್ಗೆ ಆಗತ್ತೆ 🙏 ಇನ್ನೊಂದು, ಟಾಯ್ಲೆಟ್. ಅಮ್ಮ ಬಸ್ ಅಂದ್ರೆ ಬೆಳಿಗ್ಗೆಯಿಂದಾನೇ ನೀರು ಕುಡಿಯೋದು ಬಿಡ್ತಾರೆ. ಬಿಪಿ ಮಾತ್ರೆ ಬೇರೆ ತಗೋತಾರೆ.

ಕಾಲು_ಚಾಚಿ:
ಫಿಸಿಯೋ ಆಗಿ ಹೇಳ್ತಿದೀನಿ, ನೀರು ಬಿಡೋದು ಬೇಡ, ತಲೆನೋವು, ಕಾಲು ಸೆಳೆತ, ಮಲಬದ್ಧತೆ ಎಲ್ಲ ಅದ್ರಿಂದಾನೇ. ಒಂದೇ ಸಲ ಲೋಟಗಟ್ಲೆ ಕುಡ್ಯೋದ್ರ ಬದ್ಲು ಗುಟುಕು ಗುಟುಕಾಗಿ ಕುಡೀಲಿ, ಕಾಫಿ ಟೀ ಕಮ್ಮಿ ಮಾಡ್ಲಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡತ್ವೆ, ಅಮ್ಮಂದು ಅಂಥದ್ದಾ, ಆ ದಿನ ಯಾವ ಹೊತ್ತಲ್ಲಿ ತಗೋಬೇಕು ಅಂತ ಡಾಕ್ಟ್ರನ್ನ ಕೇಳಿ, ನೀವಾಗೇ ತಪ್ಪಿಸ್ಬೇಡಿ. 4 ಗಂಟೆಗಿಂತ ಜಾಸ್ತಿ ಅಲ್ಲಾಡ್ದೆ ಪ್ರಯಾಣ ಮಾಡಿದ್ರೆ ಕಾಲಿನ ರಕ್ತ ಹೆಪ್ಪುಗಟ್ಟೋ ರಿಸ್ಕ್ ಸುಮಾರು ಎರಡು ಪಟ್ಟಾಗತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ, ವಿಮಾನಕ್ಕಷ್ಟೇ ಅಲ್ಲ, ಬಸ್ಸು ಕಾರಿಗೂ ಅನ್ವಯ. ಗಾಬರಿ ಬೇಡ, ಮೂಲದಲ್ಲೇ ಅದು ಬಹಳ ಕಮ್ಮಿ. ಎಚ್ಚರ ಇದ್ದಾಗೆಲ್ಲ ಪಾದ ಮೇಲೆ ಕೆಳಗೆ ಆಡಿಸ್ಲಿ, ಬಸ್ ನಿಂತಾಗೆಲ್ಲ ಇಳಿಸಿ ನಾಲ್ಕು ಹೆಜ್ಜೆ ನಡೆಸಿ.

ಹತ್ತುವಾಗ್ಲೇ ಡ್ರೈವರ್ ಹತ್ರ "ಅಣ್ಣಾ, ಅಮ್ಮಂಗೆ ವಯಸ್ಸಾಗಿದೆ, ಮಧ್ಯದಲ್ಲಿ ಒಂದ್ಸಲ ಬಂಕಲ್ಲಿ ನಿಲ್ಸಿ" ಅಂತ ಹೇಳಿಡಿ. ಮುಂಚೆ ಹೇಳಿದ್ರೆ ನಿಲ್ಲಿಸ್ತಾರೆ, ಅರ್ಧರಾತ್ರಿ ಬಾಗಿಲು ಬಡಿದ್ರೆ ರೇಗ್ತಾರೆ. ಪೆಟ್ರೋಲ್ ಬಂಕ್ ಟಾಯ್ಲೆಟ್ ಎಲ್ರಿಗೂ ಫ್ರೀ, ಢಾಬಾ ಹಿಂದಿನ ಕತ್ತಲೆ ಮೂಲೆಗಿಂತ ಎಷ್ಟೋ ವಾಸಿ. ಪೇಪರ್ ಸೋಪು, ಟಿಶ್ಯೂ, ಟಾರ್ಚು ಕೈಚೀಲದಲ್ಲಿರ್ಲಿ. ಎಸಿ ಗಾಳಿ ನೇರ ತಲೆಗೆ ಹೊಡೆಯತ್ತೆ, ಬ್ಲೋವರ್ ತಿರುಗಿಸಿ, ಕಿವಿಗೊಂದು ಸ್ಕಾರ್ಫ್ ಕಟ್ಟಿ, ಮನೆ ಹೊದಿಕೆ ಒಂದು ತಗೊಳ್ಳಿ, ಬಸ್ಸಿನ ಕಂಬಳಿ ಯಾವಾಗ ಒಗ್ದಿದ್ರೋ ದೇವ್ರಿಗೇ ಗೊತ್ತು.

ಸುಮ್ನೆ_ಬಂದೆ:
ಎಲ್ರೂ ಹೇಳಿದ್ದು ಸರಿ ಗುರು, ಆದ್ರೆ 66 ವರ್ಷದೋರನ್ನ ಒಂದೇ ಏಟಿಗೆ ಯಾಕೆ ಎಳ್ಕೊಂಡ್ ಹೋಗ್ಬೇಕು? ಬೆಳಿಗ್ಗೆ ಬಸ್ಸಿಗೆ ಹುಬ್ಬಳ್ಳಿ ತಲುಪಿ, ಸುಮಾರು 410 ಕಿಮೀ, ರಾತ್ರಿ ಅಲ್ಲೇ ರೂಮ್ ಮಾಡಿ ಹಾಸ್ಗೇಲಿ ಮಲಗಿ ಮಾರನೇ ದಿನ ಮುಂದಕ್ಕೆ ಹೋಗಿ. ಒಂದ್ ದಿನ ಜಾಸ್ತಿ ಅಷ್ಟೇ.

ಮಲ್ಲೇಶ್ವರಂ_ಮಗಳು:
ಒಳ್ಳೆ ಐಡಿಯಾ, ಆದ್ರೆ ನಂಗೆ ರಜೆ ಇಲ್ಲ. ವಾಪಸ್ ಬರುವಾಗ ಅಮ್ಮ ಅಣ್ಣನ ಜೊತೆ ಹೀಗೇ ಬರ್ಬೋದು. ಹೋಗುವಾಗ ಡಬಲ್ ಲೋವರ್ ನೋಡ್ತೀನಿ.

ಬೆಳಗಾಂವ್_ಕುಂದಾ:
ಬುಕ್ ಮಾಡೂ ಮುಂಚೆ ಡ್ರಾಪಿಂಗ್ ಪಾಯಿಂಟ್ ನೋಡ್ರಿ ಅಕ್ಕಾರ. ಮುಂಬೈ ಅಂತ ಬರ್ದಿರೂ ಎಲ್ಲಾ ಬಸ್ಸೂ ಥಾಣೆಗೆ ಹೋಗೂದಿಲ್ಲ. ಹೋಗಲಿಲ್ಲಂದ್ರ ವಾಶಿಯೊಳಗ ಇಳೀರಿ, ಅಲ್ಲಿಂದ ಥಾಣೆಗೆ ಲೋಕಲ್ ಟ್ರೈನ್ ಐತಿ, ಆದ್ರ ಲಗೇಜು, ಮಂಡಿನೋವು ಅಂದ್ರ ಟ್ಯಾಕ್ಸಿನ ಛಲೋ. ಚಿಕ್ಕಮ್ಮಾರ ಮನ್ಯಾಗ ಯಾರಾರ ಗಾಡಿ ತಗೊಂಡ್ ಬರ್ತಾರೇನ್ ಕೇಳ್ರಿ ಮದ್ಲ.