ಜನ್ಮಜಾತ ಹೃದ್ರೋಗವಿರುವ ವಯಸ್ಕರಲ್ಲಿ ತೂಕ ಸರಿಯಿದ್ದರೆ ಪೋಷಣೆಯೂ ಸರಿಯಿದೆ ಎನ್ನಬಹುದೇ?

ಪ್ರಶ್ನೆ (ರೋಗಿಯ ಅಕ್ಕ):
ನನ್ನ ತಮ್ಮನಿಗೆ 29 ವರ್ಷ. ಹುಟ್ಟಿನಿಂದಲೇ ಅವನ ಹೃದಯದ ಕೆಳಕೋಣೆಗಳಲ್ಲಿ ಒಂದು ಮಾತ್ರ ಸರಿಯಾಗಿ ಬೆಳೆದಿದ್ದರಿಂದ ಬಾಲ್ಯದಲ್ಲಿ ಫಾಂಟಾನ್ ಶಸ್ತ್ರಚಿಕಿತ್ಸೆ (ಅಶುದ್ಧ ರಕ್ತ ನೇರವಾಗಿ ಶ್ವಾಸಕೋಶಕ್ಕೆ ಹರಿಯುವಂತೆ ಮಾಡುವುದು) ಮಾಡಲಾಗಿದೆ. ಬಹಳ ದಿನಗಳಿಂದ ತೂಕ 58 ಕಿಲೋ ಆಸುಪಾಸಿನಲ್ಲಿಯೇ ಇದೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 21. ಆದರೂ ತೊಡೆ, ತೋಳುಗಳು ಸಣಕಲಾಗಿವೆ, ಪ್ಯಾಂಟಿನ ಸೊಂಟ ಮಾತ್ರ ಬಿಗಿಯಾಗುತ್ತಿದೆ, ಸಂಜೆಯ ಹೊತ್ತಿಗೆ ಕಾಲುಚೀಲದ ಅಚ್ಚು ಕಣಕಾಲಿನ ಮೇಲೆ ಹಾಗೆಯೇ ಉಳಿಯುತ್ತದೆ. ಈಚಿನ ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) ಕಡಿಮೆಯಾಗಿ, ಡೆಸಿಲೀಟರಿಗೆ 3.1 ಗ್ರಾಂ ಬಂದಿದೆ. ಚೆನ್ನಾಗಿ ಊಟ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಸ್ವಲ್ಪ ದಪ್ಪಗಿರುವ ಹೃದ್ರೋಗಿಗಳೇ ಹೆಚ್ಚು ಕಾಲ ಬದುಕುತ್ತಾರೆ ಎಂದು ಎಲ್ಲೋ ಓದಿದ್ದೇನೆ. ತೂಕ ಕುಗ್ಗದಿರುವಾಗ ಪೋಷಣೆಯ ಕೊರತೆ ಇರಲು ಸಾಧ್ಯವೇ?

ಉತ್ತರ (ಆಹಾರತಜ್ಞೆ):
ಖಂಡಿತ ಸಾಧ್ಯ, ಮತ್ತು ನೀವು ಗಮನಿಸಿರುವ ಲಕ್ಷಣಗಳು ತಕ್ಕಡಿಗಿಂತ ಹೆಚ್ಚಿನದನ್ನು ಹೇಳುತ್ತಿವೆ. ಸ್ನಾಯು ಕರಗಿದಷ್ಟೇ ನೀರು ದೇಹದಲ್ಲಿ ಸೇರಿಕೊಂಡರೆ ತೂಕ ಒಂದೇ ಸಮನೆ ಇರುತ್ತದೆ, ಬಿಎಂಐಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಫಾಂಟಾನ್ ರಕ್ತಚಲನೆಯಲ್ಲಿ ಅಶುದ್ಧ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವ ಕೋಣೆಯೇ ಇಲ್ಲದ ಕಾರಣ, ನಡೆಯುವಾಗ ಮೀನಖಂಡ ಮತ್ತು ತೊಡೆಯ ಸ್ನಾಯುಗಳು ಹಿಂಡಿ ಮೇಲಕ್ಕೆ ಕಳುಹಿಸುವ ರಕ್ತಕ್ಕೆ ವಿಶೇಷ ಮಹತ್ವವಿದೆ. ಆದ್ದರಿಂದ ಕಾಲಿನ ಸ್ನಾಯು ಕಳೆದುಕೊಂಡವರಿಗೆ ಮೆಟ್ಟಿಲು ಹತ್ತುವುದೇ ಕಷ್ಟವಾಗತೊಡಗುತ್ತದೆ. ಅಭಿಧಮನಿಗಳಲ್ಲಿನ ಹೆಚ್ಚಿದ ಒತ್ತಡದಿಂದ ಯಕೃತ್ತು ಮತ್ತು ಕರುಳಿನಲ್ಲಿ ರಕ್ತ ಕಟ್ಟಿಕೊಳ್ಳುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದೂ ಉಂಟು.

ಮುಂದಿನ ತಪಾಸಣೆಯಲ್ಲಿ ಕೈಹಿಡಿತದ ಬಲವನ್ನೂ ತೋಳಿನ ಸುತ್ತಳತೆಯನ್ನೂ ಅಳೆಯಲು ಕೇಳಿ. ದೇಹದ ಕೊಬ್ಬು, ಸ್ನಾಯುಗಳ ಪ್ರಮಾಣವನ್ನು ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನ್ ಒಳ್ಳೆಯದೇ, ಆದರೆ ಬಾವು ಇರುವಾಗ ಅದು ನೀರನ್ನೂ ಕೊಬ್ಬಿಲ್ಲದ ಅಂಗಾಂಶದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ವೈದ್ಯರು ಒಪ್ಪಿದರೆ ಕಾಲಿನ ಸ್ನಾಯುಗಳಿಗೆ ಹಗುರವಾದ ಬಲವರ್ಧಕ ವ್ಯಾಯಾಮವನ್ನು ಆರಂಭಿಸಬೇಕು, ಏಕೆಂದರೆ ಬರಿಯ ಆಹಾರದಿಂದ ಸ್ನಾಯು ಕಟ್ಟಲಾಗುವುದಿಲ್ಲ.

ಉತ್ತರ (ಹೃದ್ರೋಗ ವೈದ್ಯ):
ನನಗೆ ಆತಂಕ ಹುಟ್ಟಿಸಿದ್ದು ಆಲ್ಬುಮಿನ್‌ನ ಅಂಕಿ. ದಯವಿಟ್ಟು ಅದನ್ನು ಊಟ ಸಾಲದ್ದಕ್ಕೆ ಗುರುತೆಂದು ಭಾವಿಸಬೇಡಿ. ಯಕೃತ್ತಿನ ತೊಂದರೆ, ಮೂತ್ರದಲ್ಲಿ ಪ್ರೋಟೀನ್ ನಷ್ಟ, ದೇಹದ ಉರಿಯೂತ ಇವೆಲ್ಲವೂ ಅದನ್ನು ಇಳಿಸುತ್ತವೆ, ಆದರೆ ಫಾಂಟಾನ್ ಆದವರಲ್ಲಿ ಮೊದಲು ನೋಡಬೇಕಾದದ್ದು ಕರುಳಿನ ಮೂಲಕ ಪ್ರೋಟೀನ್ ಸೋರಿಹೋಗುವ ಸ್ಥಿತಿಯನ್ನು. ದುಗ್ಧರಸ ನಾಳಗಳಲ್ಲಿ (ಅಂಗಾಂಶಗಳ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳು) ಒತ್ತಡ ಏರಿದಾಗ ಪ್ರೋಟೀನಿನ ಜೊತೆಗೆ ರೋಗನಿರೋಧಕ ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳೂ ಕರುಳಿಗೆ ಜಿನುಗುತ್ತವೆ. ಎಲ್ಲರಿಗೂ ಭೇದಿ ಆಗಲೇಬೇಕೆಂದಿಲ್ಲ. ಮಲದಲ್ಲಿನ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ತದ ಪ್ರೋಟೀನಿನ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ತಪಾಸಣೆಯ ದಿನಾಂಕಕ್ಕಾಗಿ ಕಾಯದೆ ಈ ವಾರವೇ ನಿಮ್ಮ ವೈದ್ಯರಿಗೆ ತಿಳಿಸಿ.

ಸೋರಿಕೆ ಖಚಿತವಾದರೆ ಆಹಾರದ ಸ್ವರೂಪವೇ ಬದಲಾಗುತ್ತದೆ. ಸಾಮಾನ್ಯ ಕೊಬ್ಬು ಜೀರ್ಣವಾದ ಮೇಲೆ ದುಗ್ಧರಸ ನಾಳಗಳ ಮೂಲಕವೇ ಸಾಗಿ ಅಲ್ಲಿನ ಹೊರೆಯನ್ನು ಹೆಚ್ಚಿಸುತ್ತದೆ. ಮಧ್ಯಮ ಸರಪಳಿಯ ಕೊಬ್ಬು (ಎಂಸಿಟಿ) ಬಹುಪಾಲು ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನು ಸೇರುತ್ತದೆ. ಹಾಗಾಗಿ ಪ್ರೋಟೀನ್ ಹೆಚ್ಚಿರುವ, ಸಾಮಾನ್ಯ ಕೊಬ್ಬು ಕಡಿಮೆ ಇರುವ, ಎಂಸಿಟಿ ಎಣ್ಣೆ ಸೇರಿಸಿದ ಪಥ್ಯವನ್ನು ಸೂಚಿಸುತ್ತಾರೆ. ಇದು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ.

ದಪ್ಪಗಿರುವವರ ವಿಷಯ: ಕಾಯಿಲೆ ಬಿಗಡಾಯಿಸಿದವರು ತೂಕ ಕಳೆದುಕೊಳ್ಳುವುದರಿಂದ, ಉಳಿದವರ ದಪ್ಪವೇ ಅವರನ್ನು ಕಾಪಾಡಿತೆಂಬಂತೆ ಅಂಕಿಅಂಶಗಳು ತೋರಬಹುದು. ಜನ್ಮಜಾತ ಹೃದ್ರೋಗಿಗಳಲ್ಲಿ ಅತಿ ಕಡಿಮೆ ತೂಕವೂ, ಉದ್ದೇಶವಿಲ್ಲದೆ ಆದ ತೂಕನಷ್ಟವೂ ಕೆಟ್ಟ ಮುನ್ಸೂಚನೆಗಳು ಎಂಬುದು ನಿಜ, ಆದರೆ ಬೊಜ್ಜು ತರುವ ರಕ್ತದೊತ್ತಡ, ಮಧುಮೇಹ ಮತ್ತು ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಗಳು ಇಂಥ ಹೃದಯಕ್ಕೆ ಇನ್ನಷ್ಟು ದುಬಾರಿ.

ಉತ್ತರ (ಐಸೆನ್‌ಮೆಂಗರ್ ಸಿಂಡ್ರೋಮ್ ಇರುವ ರೋಗಿ):
ನನ್ನ ಸ್ಥಿತಿ (ಹೃದಯದ ರಂಧ್ರದಿಂದಾಗಿ ಶ್ವಾಸಕೋಶದ ರಕ್ತದೊತ್ತಡ ಏರಿ, ಅಶುದ್ಧ ರಕ್ತ ದೇಹಕ್ಕೆ ಹೋಗುವ ರಕ್ತದಲ್ಲಿ ಬೆರೆಯುವುದು) ಬೇರೆಯದಾದರೂ ತುಟಿ ನೀಲಿಗಟ್ಟುವ ಹೃದ್ರೋಗವಿರುವ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ನನ್ನ ಹಿಮೋಗ್ಲಾಬಿನ್ 19ರಷ್ಟು ಹೆಚ್ಚಿದ್ದಾಗಲೂ ಕಬ್ಬಿಣಾಂಶದ ಕೊರತೆಯಿತ್ತು. ದೇಹದ ಕಬ್ಬಿಣಾಂಶವನ್ನು ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆಗಳನ್ನು ನೋಡುವವರೆಗೆ ಯಾರಿಗೂ ಸಂಶಯವೇ ಬಂದಿರಲಿಲ್ಲ. ರಕ್ತ ಗಟ್ಟಿಯಾಗಿದೆಯೆಂದು ಮೇಲಿಂದ ಮೇಲೆ ರಕ್ತ ತೆಗೆಸುವುದರಿಂದ ಈ ಕೊರತೆ ಹೆಚ್ಚುತ್ತದೆ, ಮತ್ತು ಅದಕ್ಕೆ ಪಾರ್ಶ್ವವಾಯುವಿನ ಅಪಾಯದೊಂದಿಗೆ ನಂಟಿದೆ. ಹಾಗೆಂದು ಕಬ್ಬಿಣದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗಬಾರದು, ಹಿಮೋಗ್ಲಾಬಿನ್ ಏಕಾಏಕಿ ಏರಬಹುದು.

ಪ್ರಶ್ನಿಸಿದವರು:
ಎಲ್ಲರಿಗೂ ಕೃತಜ್ಞತೆಗಳು. ನಾಳೆಯೇ ಆಸ್ಪತ್ರೆಗೆ ಕರೆ ಮಾಡುತ್ತೇನೆ. ಅವನು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ತೆಗೆದುಕೊಳ್ಳುತ್ತಾನೆ; ಈ ನಡುವೆ ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿ ಕೊಡಬಹುದೇ?

ಉತ್ತರ (ಆಹಾರತಜ್ಞೆ):
ಪರೀಕ್ಷೆಗಳು ಮುಗಿಯುವ ತನಕ ಬೇಡ. ಕೆಲವು ಪುಡಿಗಳಲ್ಲಿ ವಿಟಮಿನ್ ಕೆ ಇರುತ್ತದೆ, ಅದು ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಊಟ ಕಡಿಮೆಯಾದಾಗ ಅಥವಾ ಭೇದಿಯಾದಾಗ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿ ರಕ್ತಸ್ರಾವದ ಭಯವೂ ಇದೆ. ವಿಟಮಿನ್ ಕೆ ಇದೆಯೆಂದು ಸೊಪ್ಪು ತಿನ್ನುವುದನ್ನು ನಿಲ್ಲಿಸಬೇಕಿಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು. ಪುಡಿ ಕೊಡಬೇಕೆಂದು ವೈದ್ಯರು ಮುಂದೆ ಹೇಳಿದರೆ ಡಬ್ಬದ ಮೇಲಿನ ಪಟ್ಟಿಯನ್ನು ಅವರಿಗೆ ತೋರಿಸಿ, ಆರಂಭಿಸಿದ ವಾರದಲ್ಲೇ ಐಎನ್ಆರ್ ಮಾಡಿಸಿ.